ಕೀರ್ತನಿಗೊಬ್ಬ ವೈರಿ ಬೇಕಾಗ್ಯಾನ

ಅಂಜನಾ: ಕೀರ್ತನ್ಯಾಗಿನ ಆ ಸಾಲು ಹೊಡದ ಹಾಕ್ರಿ ಅಂದ್ರ ಹೊಡದ ಹಾಕ್ರಿ. ನನ್ನ ತಮ್ಮನ ಹೆಸರ ಚರ್ಚಿನ್ಯಾಗ ಓದೂದಲ್ಲ.

ಬಾಳೇಶ: ಹೆಸರ ಎಲ್ಲೈತಿ? 'ಲೋಕಾಪುರದ ದ್ರೋಹಿ' ಅಂತ ಅಷ್ಟ ಬರದೇನಿ.

ಅಂಜನಾ: ನಮ್ಮ ಸಭಾಕ್ಕ ಲೋಕಾಪುರದಿಂದ ಬರಾಂವ ಅವನೊಬ್ಬನ. ಆಧಾರ್ ನಂಬರ ಒಂದ ಬಿಟ್ಟೀರಿ ನೋಡ್ರಿ.

ಜಗಳದ ಮೂಲ ಪಾಸ್ಟರು. ಈ ಸಲದ ಉಪವಾಸದ ದಿನಗಳಾಗ ಅವರು ಜಮಖಂಡಿಯ ಸಭಾಕ್ಕ ಹೊಸಾದೊಂದು ಹಚ್ಚಿದ್ದರು. ಮನ್ಯಾಗ ಕುಂತು ನಿಮ್ಮದ ಒಂದು ಕೀರ್ತನಿ ಬರೀರಿ, ಬರಿಯೂದೂ ಪ್ರಾರ್ಥನಾನ, ಖರೆ ಇದ್ದದ್ದ ಬರೀರಿ, ಈಸ್ಟರ್ ದಿನ ಎಲ್ಲಾರ ಮುಂದ ಓದ್ರಿ ಅಂದಿದ್ದರು. ಬಸ್ ಕಂಡಕ್ಟರ್ ಬಾಳೇಶನಿಗೆ ಇದು ತಲೀಗೇ ಏರಿತ್ತು. ಬೈಬಲ್ಲಿನ ಹಳೇ ಭಕ್ತರ ಕೀರ್ತನಿ ಯಾವುದ ತಗದರೂ ಒಬ್ಬ ವೈರಿ ಇರತಾನ ಅಂತ ಕಂಡಕೊಂಡು, ತನಗೂ ಒಬ್ಬ ಬೇಕಂತ ಹಟಾ ಹಿಡದಿದ್ದ. ನಾಳೆ ಈಸ್ಟರ್. ಅಂವ ಹಾಳಿ ಹಿಡಕೊಂಡು ಅಡಿಗಿಮನಿ ಹೊಸ್ತಿಲ ಮ್ಯಾಲ ಕುಂತಿದ್ದ, ಹೆಂಡತಿ ರೊಟ್ಟಿ ಬಡಿಯಾಕತ್ತಿದ್ದಳು.

ಬಾಳೇಶ: ವೈರಿ ಇಲ್ಲದ ಕೀರ್ತನಿ ಅಂದ್ರ ಉಪ್ಪಿಲ್ಲದ ಪಲ್ಯೆ.

ಅಂಜನಾ: ಸೈತಾನನ್ನ ಹಾಕ್ರಿ. ಅವಂಗ ಅಕ್ಕ ಇಲ್ಲ, ಯಾರೂ ಕೇಳಾಕ ಬರೂದಿಲ್ಲ.

ಬಾಳೇಶ: ಸೈತಾನನ್ನ ಎಲ್ಲಾರೂ ಹಾಕ್ಯಾರ. ಲಗಮಪ್ಪ ಕಾಕಾ ಅಂತೂ ಸಾಲಿಗೊಮ್ಮೆ ಹಾಕ್ಯಾನ.

ಅಂಜನಾ: ನಿಮ್ಮ ಡ್ರೈವರ್ ಶಿದ್ರಾಮಪ್ಪನ್ನ ಹಾಕ್ರಿ. ದಿನಾ ಬೈಕೋತ ಬರತೀರಲ್ಲ.

ಬಾಳೇಶ: ಸೋಮವಾರ ಮತ್ತ ಅವನ ಗಾಡ್ಯಾಗ ಹೋಗಬೇಕು. ಜೀವ ಅವನ ಕೈಯಾಗ ಇರತೈತಿ.

ಅಂಜನಾ: ಮೆತ್ತಗಿದ್ದಲ್ಲೆ ಮತ್ತೊಂದ ಗುದ್ದಲಿ ಅಂದಂಗ, ನನ್ನ ತಮ್ಮ ಸಿಕ್ಕ ನಿಮಗ.

ಬಾಳೇಶ: ಮಾತ ಕೊಟ್ಟು ತಪ್ಪಿದಾಂವ ಮೆತ್ತಗಿನಾಂವ ಏನು?

ಆ ಮಾತು ಒಂದು ಮುಧೋಳ ನಾಯಿ ಮರಿದು. ಹೋದ ವರ್ಷ ಅಂಜನಾಳ ತಮ್ಮ ಅಮೋಲ, ತನ್ನ ನಾಯಿ ಈದರ ಒಂದು ಮರಿ ಬಾಳೇಶ ಮಾವಗ ಅಂದಿದ್ದ. ಬಾಳೇಶ ಹಿತ್ತಲದಾಗ ತಗಡಿನ ಗೂಡು ಹೊಡಸಿದ, ಕೊಳ್ಳಪಟ್ಟಿ ತಂದ, 'ಬಾಣ' ಅಂತ ಹೆಸರೂ ಇಟ್ಟ. ಮರಿ ಮಾತ್ರ ತೇರದಾಳದವರ ಮನಿಗೆ ಹೋತು. ಅವತ್ತಿನಿಂದ ಬಸ್ಸು ಅಮೋಲನ ಪಂಕ್ಚರ್ ಅಂಗಡಿ ಮುಂದ ಹಾಯುವಾಗ ಅಂವ ಕೈ ಎತ್ತತಾನ, ಬಾಳೇಶ ಮಾರಿ ತಿರುವತಾನ. ಗೂಡಿನ್ಯಾಗ ಈಗ ಸಗಣಿ ಕುಳ್ಳ ಒಟ್ಟ್ಯಾರ.

ಅಂಜನಾ: ಓದ್ರಿ ನೋಡೂಣು, ಏನ ಬರದೀರಿ.

ಬಾಳೇಶ (ಗಂಟಲ ಸರಿ ಮಾಡಿಕೊಂಡು): "ಹೇ ಸರ್ವೇಶ್ವರನೇ, ಲೋಕಾಪುರದ ದ್ರೋಹಿಯು ಎನಗೆ ಶ್ವಾನವಂ ಕೊಡದೆ ವಂಚಿಸಿದನು. ಅವನ ಬೀದಿಯ ಚಕ್ರಗಳೆಲ್ಲ ಗಾಳಿ ಕಳೆದುಕೊಳ್ಳಲಿ."

ಅಂಜನಾ: ಪಂಕ್ಚರ್ ತಗ್ಯಾವಂಗ ಅದು ಶಾಪ ಅಲ್ಲರೀ, ಆಶೀರ್ವಾದ.

ಬಾಳೇಶ ಹಾಳಿ ನೋಡಿದ. ಖರೆ ಇತ್ತು.

ಅಂಜನಾ: ಮತ್ತ ಈ 'ಎನಗೆ', 'ಶ್ವಾನವಂ' ಅಂದ್ರೇನು? ಮನ್ಯಾಗ ಯಾವತ್ತರ ಹಿಂಗ ಮಾತಾಡೀರೇನು?

ಬಾಳೇಶ: ದೇವರ ಮುಂದ ಒಂದೀಟು ಮರ್ಯಾದಿ ಬ್ಯಾಡ?

ಅಂಜನಾ: ಯಾರು ಮಾತಾಡಾಕತ್ತಾರಂತ ದೇವರಿಗೆ ಮೊದಲ ಗುರ್ತ ಹತ್ತಬೇಕಲ್ಲ.

ಬಾಳೇಶ: ಹತ್ತತೈತಿ. ನಾಯಿ ಸುತ್ತಗಟ್ಟಿದ್ವು ಅಂತ ಹಳೇ ಭಕ್ತರು ಅತ್ತರು, ಒಂದೂ ಬರಲಿಲ್ಲ ಅಂತ ನಾ ಅಳತೇನಿ. ಇದು ಖರೆ ಮಾತು. ನಾಳೆ ಓದಾಂವನ ನಾನು.

ರೊಟ್ಟಿ ಬಡಿಯೂ ಸಪ್ಪಳ ನಿಂತಿತು. ಹಂಚಿನ ಮ್ಯಾಲಿನ ರೊಟ್ಟಿ ಕಮರು ನಾರಿದರೂ ಅಂಜನಾ ತಿರುವಿ ಹಾಕಲಿಲ್ಲ. ಇಷ್ಟು ವರ್ಷದ ಸಂಸಾರದಾಗ ಹಿಂಗ ಆಗಿದ್ದನ್ನ ಬಾಳೇಶ ನೋಡಿರಲಿಲ್ಲ.

ಅಂಜನಾ: ಅಂವ ಮರಿ ಬುಟ್ಟ್ಯಾಗ ಇಟಗೊಂಡು ಬಸ್ ಸ್ಟ್ಯಾಂಡಿಗೂ ಬಂದಿದ್ದ. ನಾನ ಫೋನ್ ಮಾಡಿ ಬ್ಯಾಡ ಅಂದೆ.

ಬಾಳೇಶ: ನೀನ?

ಅಂಜನಾ: ನೀವು ಮುಂಜಾನೆ ಬಸ್ ಹತ್ತಿದ್ರ ಸಂಜಿಗೆ ಬರಾವ್ರು. ಆ ಓಡು ನಾಯಿ ಹಿಂದ ಓಡಾಕಿ ಯಾರು? ನಿಮ್ಮ ಸಿಟ್ಟಿಗೆ ಅಂಜಿ, ನನ್ನ ಹೆಸರ ಹೇಳಬ್ಯಾಡ ಅಂತ ಅವನ ಕಡೆ ಮಾತ ತಗೊಂಡೆ. ವರ್ಷ ಆತು, ಆ ಮಾತ ಉಳಿಸಿಕೊಂಡ ಬಂದಾನ. ನಾಳೆ ಎಲ್ಲಾರ ಮುಂದ ಅಂವ ತಲಿ ತಗ್ಗಿಸಿದ್ರ ನನಗ ತಡಕೊಳ್ಳೂದ ಆಗೂದಿಲ್ಲರೀ.

ಬಾಳೇಶನಿಗೆ ಬಸ್ಸಿನ ಕಿಟಕಿ ಹೊರಗಿನ ಆ ಎತ್ತಿದ ಕೈ ಕಣ್ಣ ಮುಂದ ಬಂತು. ಭಾಳ ಕೆಟ್ಟ ಅನಸಿತು. ಬರದದ್ದೆಲ್ಲಾ ಹೊಡದ ಹಾಕಿ, ಹಾಳಿ ತಿರುವಿ, ಕಿವಿ ಮ್ಯಾಲಿನ ಪೆನ್ನು ತಗೊಂಡು ಹೊಸಾದಾಗಿ ಬರಿಯಾಕ ಕುಂತ.

ಬಾಳೇಶ: ಈಗ ಕೇಳು. "ದೇವರ, ನನ್ನ ವೈರಿ ಲೋಕಾಪುರದಾಗ ಇಲ್ಲ. ಇಲ್ಲೆ ನನ್ನ ಒಲಿ ಮುಂದ ಅದಾಳ. ಬಿಸಿ ರೊಟ್ಟಿ ನನಗ ನೀಡಿ, ಸುಟ್ಟದ್ದು ತಾ ತಿಂತಾಳ. ಕೈ ಎತ್ತಿದಾಂವ ಅಂವ, ಮಾರಿ ತಿರುವಿದಾಂವ ನಾನು. ನನ್ನ ಕುತ್ತಿಗಿ ಒಂದೀಟು ಅವನ ಕಡೆ ತಿರುವು."

ಅಂಜನಾ ಸೆರಗಿಲೆ ಕಣ್ಣು ಒರಸಿಕೊಂಡಳು.

ಅಂಜನಾ: ಇದು ಪ್ರಾರ್ಥನಾ ಆತು ನೋಡ್ರಿ. ಮುಂದ? ಕಡೀಕ ವೈರಿಗೆ ಏನರ ಶಿಕ್ಷಾ ಇರತೈತಲ್ಲ?

ಬಾಳೇಶ: ಐತಿ. ತಡಿ.

ಅಂವ ಫೋನ್ ಹಚ್ಚಿದ. ಆ ಕಡಿಂದ ಸಣ್ಣಕ 'ಮಾವಾ' ಅಂದದ್ದು ಅಂಜನಾಗೂ ಕೇಳಿಸಿತು.

ಬಾಳೇಶ: ಹೂಂ, ನಾನ. ತಪ್ಪಾತೋ ಅಮೋಲ. ನಾಳೆ ಊಟಕ್ಕ ಇಲ್ಲೇ ಬಾ. ಮತ್ತ ಆ ನಿನ್ನ ನಾಯಿ ಯಾವಾಗ ಈಯತೈತಿ? ಈದು ಎರಡ ತಿಂಗಳಾತೇನು? ಛಲೋ ಆತು. ಬುಟ್ಟಿ ದೊಡ್ಡದ ತಗೊಂಡ ಬಾ. ಒಂದಲ್ಲಪಾ, ಎರಡ ಮರಿ ಬೇಕು. ನಿಮ್ಮಕ್ಕಗ ದೇವರೇನೋ ಕ್ಷಮಾ ಮಾಡ್ಯಾನ, ನಂದಿನ್ನೂ ಬಾಕಿ ಐತಿ.