ಸೋಮವಾರದ ನೀರು

ಗಾಡಿಯ ನೀರಿನ ಟಾಕಿ ಸೋರಬಹುದಿತ್ತು. ಸೋರಿದ ನೀರು ಬ್ಯಾಟರಿಯ ಮೇಲೆ ಬಿದ್ದು ಗಾಡಿ, ನಾನು, ನನ್ನ ಹೆಂಡತಿ ಒಟ್ಟಿಗೆ ಹೊತ್ತಿಕೊಳ್ಳಬಹುದಿತ್ತು. ಪಂಪು ಕೆಡಬಹುದಿತ್ತು. ಕೆಡದೆ, ನಿಲ್ಲುವುದನ್ನೇ ಮರೆತು ಹಾಸಿಗೆಯನ್ನು ತೇಲಿಸಬಹುದಿತ್ತು. ಮುಚ್ಚಳ ಸಡಿಲಾಗಿ ದಾರಿಯ ಧೂಳೆಲ್ಲ ಒಳಗೆ ಸೇರಿ ನಳದಲ್ಲಿ ಚಹಾದ ಬಣ್ಣದ ನೀರು ಬರಬಹುದಿತ್ತು. ಡೀಸೆಲ್ ಹಾಕುವವನು ತೂಕಡಿಸುತ್ತ ಪಕ್ಕದ ಮುಚ್ಚಳ ತೆಗೆದು ಕುಡಿಯುವ ನೀರಿಗೆ ಡೀಸೆಲ್ ಹೊಯ್ಯಬಹುದಿತ್ತು. ತಿರುವಿನಲ್ಲಿ ನೀರೆಲ್ಲ ಒಂದೇ ಕಡೆ ಸರಿದು ಗಾಡಿ ಎಮ್ಮೆಯ ಹಾಗೆ ಹೊಲಕ್ಕೆ ಮಗ್ಗುಲಾಗಬಹುದಿತ್ತು. ಇವೆಲ್ಲ ಒಂದೇ ದಿನ ಆಗಬಹುದೆಂಬುದೂ ನನ್ನ ಲೆಕ್ಕದಲ್ಲಿತ್ತು. ಚಿಂತೆ ಮಾಡುವುದರಲ್ಲಿ ನಾನು ಎಂದೂ ಕಂಜೂಸನಾದವನಲ್ಲ.

ಸೊಲ್ಲಾಪುರದ ಹೊರಗೆ ಚಿಂಚೋಳಿ ಎಂಐಡಿಸಿ ಎಂಬ ಕಾರ್ಖಾನೆ ವಸಾಹತಿನ ಒಂದು ಗೋದಾಮಿನಲ್ಲಿ ಸರಕು ಕಾಯುವವನು ನಾನು. ಕಾಯುವುದು ರೂಢಿಯಾದ ಮೇಲೆ ಕಾಯಲಿಕ್ಕೆ ಸ್ವಂತದ್ದೂ ಏನಾದರೂ ಇರಲಿ ಅನ್ನಿಸಿರಬೇಕು. ಐವತ್ತರ ಹೊಸ್ತಿಲಲ್ಲಿ ಒಂದು ಹಳೆಯ ಟೆಂಪೋ ಕೊಂಡು, ಅದರೊಳಗೆ ಹಾಸಿಗೆ, ಒಲೆ, ಕೈತೊಳೆಯುವ ಬೋಗುಣಿ, ಸೀಟಿನ ಕೆಳಗೊಂದು ನೀರಿನ ಟಾಕಿ ಕೂಡಿಸಿ ಅದನ್ನು ಮನೆಗಾಡಿ ಮಾಡಿಸಿದೆ. ನನ್ನ ಹೆಂಡತಿ ಸುವರ್ಣಾ ಗಾಡಿಯನ್ನು ಸುತ್ತು ಹಾಕಿ ನೋಡಿ, ನಳವೊಂದನ್ನು ಮಾತ್ರ ಮುಟ್ಟಿ, ಕರಾರು ಹಾಕಿದಳು. “ಇಡೀ ಜನ್ಮ ಸೊಲ್ಲಾಪುರದಾಗ ನೀರ ಹಿಡದ ಹಿಡದ ನನ್ನ ನಡಾ ಮುರದದ. ಈ ಗಾಡ್ಯಾಗೂ ನಾ ನಳಾ ತಿರುವಿ, ನೀರ ಬರಲಿಲ್ಲಂದ್ರ, ಮರುದಿನಾನ ಮಾರಬೇಕು ನೋಡ್ರಿ. ಮೊದಲ ಹೇಳೀನಿ.” ನಳ ಯಾವಾಗ ಬಂತು, ಯಾವಾಗ ಹೋಯಿತು ಎಂಬುದರ ಮೇಲೆ ಮದುವೆ ಮುಂಜಿಗಳ ಮುಹೂರ್ತವನ್ನೂ ಹೊಂದಿಸಿಕೊಂಡು ಬಾಳಿದವಳು ಅವಳು. ಕರಾರಿಗೆ ಒಪ್ಪಿದೆ.

ಮೊದಲ ಪ್ರಯಾಣ ಅಕ್ಕಲಕೋಟೆಯಾಚೆಗಿನ ಅವಳ ತವರೂರಿಗೆ, ಶನಿವಾರಕ್ಕೆ ಎಂದು ನಿಶ್ಚಯವಾಯಿತು. ನಾಲ್ಕೈದು ದಿನಕ್ಕೊಮ್ಮೆ ಬರುವ ನಳ ಸೋಮವಾರ ಬಂದಾಗ ಪೈಪು ಎಳೆದು ಟಾಕಿ ತುಂಬಿಸಲು ಕುಳಿತೆ. ಅದಕ್ಕೂ ಮೊದಲು ಅಡಿಗೆ ಸೋಡಾ ಹಾಕಿ ತೊಳೆದೆ. ಸೋಡಾದ ವಾಸನೆ ಹೋಗಲೆಂದು ನಿಂಬೆಹಣ್ಣು ಹಿಂಡಿ ತೊಳೆದೆ. ನಿಂಬೆಯ ವಾಸನೆ ಹೋಗಲೆಂದು ಮತ್ತೆ ಬರಿ ನೀರಿನಲ್ಲಿ ತೊಳೆದೆ. ಆಮೇಲೆ ನನ್ನ ಮೆತ್ತನೆಯ ಬಿಳಿ ಧೋತರವನ್ನು ಎರಡು ಪದರ ಮಡಚಿ ಟಾಕಿಯ ಬಾಯಿಗೆ ಕಟ್ಟಿ ಸೋಸಿ ಸೋಸಿ ತುಂಬಿದೆ. “ಬಾಣಂತಿ ಕೂಸಿಗೂ ಯಾರೂ ಹಿಂಗ ನೀರ ಎರದಿಲ್ಲ ಬಿಡ್ರಿ,” ಎಂದಳು ಸುವರ್ಣಾ. ಟಾಕಿ ಎಷ್ಟು ತುಂಬಿದೆ ಎಂದು ತೋರಿಸಲು ಗೋಡೆಯಲ್ಲಿ ನಾಲ್ಕು ಪುಟ್ಟ ದೀಪಗಳಿವೆ. ನಾಲ್ಕೂ ಹೊತ್ತಿಕೊಂಡಾಗ ನನಗೆ ನಿಜವಾಗಿಯೂ ಕೈ ಮುಗಿಯಬೇಕೆನ್ನಿಸಿತು.

ಶನಿವಾರ ದಾರಿಯುದ್ದಕ್ಕೂ ನನ್ನ ಕಿವಿ ಎಂಜಿನ್ನಿನ ಕಡೆಗಿರಲಿಲ್ಲ, ಸೀಟಿನ ಕೆಳಗಿನ ಗುಳುಗುಳು ಸದ್ದಿನ ಕಡೆಗಿತ್ತು. ಸದ್ದು ಬಂದರೆ ಸೋರಿತೇನೋ ಎಂಬ ಅಂಜಿಕೆ, ಬಾರದಿದ್ದರೆ ಸೋರಿ ಮುಗಿಯಿತೇನೋ ಎಂಬ ಅಂಜಿಕೆ. ಆಗಾಗ ಗಾಡಿ ನಿಲ್ಲಿಸಿ ಕೆಳಗೆ ಬಗ್ಗಿ ನೋಡುತ್ತಿದ್ದೆ. ಅಕ್ಕಲಕೋಟೆಯ ನಡು ಬಜಾರಿನಲ್ಲಿ ಬಗ್ಗಿದಾಗ ಹಿಂದಿನ ರಿಕ್ಷಾದವನು ತಾನೂ ಇಳಿದು ಬಗ್ಗಿ, “ಕಾಕಾ, ಬೆಕ್ಕ ಸಿಕ್ಕದೇನ್ರಿ?” ಎಂದು ಕೇಳಿದ.

ಊರಲ್ಲಿ ಗಾಡಿ ನೋಡಲು ಓಣಿಗೆ ಓಣಿಯೇ ಬಂತು. ಸುವರ್ಣಾಳ ಅಣ್ಣ ಸಿದ್ದಪ್ಪನವರು ಹಾಸಿಗೆಯ ಮೇಲೆ ಕುಳಿತು ಎರಡು ಸಲ ಕುಪ್ಪಳಿಸಿ, “ದಾಜಿ, ನಿಮ್ಮ ಮನಿಗಿಂತ ಇದಽ ಚಲೋ ಅದ,” ಎಂದರು. ಅವರ ಹೆಂಡತಿ ಗಂಗಾವೈನಿ ಮಾತ್ರ ಹಾಸಿಗೆಗೆ ಮರುಳಾಗದೆ ನೇರವಾಗಿ ನೀರಿನ ವಿಷಯಕ್ಕೆ ಬಂದರು. ಎಲ್ಲಿಂದ ತುಂಬುತ್ತೀರಿ, ಯಾವತ್ತು ತುಂಬಿದ್ದು ಎಂದು ಕೇಳಿದರು. ಇಷ್ಟು ಬುದ್ಧಿವಂತಿಕೆಯ ಪ್ರಶ್ನೆಗಳನ್ನು ನನಗೆ ಯಾರೂ ಕೇಳಿರಲಿಲ್ಲ. ನಾನು ಉಬ್ಬಿಹೋಗಿ, ಸೋಮವಾರದ ನೀರೆಂದೂ, ಇನ್ನೂ ಒಂದು ಹನಿ ಖರ್ಚಾಗಿಲ್ಲವೆಂದೂ ಹೇಳಿ, ಟಾಕಿ ಖಾಲಿ ಮಾಡಲು ಗಾಡಿಯ ಕೆಳಗಿರುವ ತೋಟಿಯನ್ನೂ ತೋರಿಸಿದೆ. “ಇದನ್ನ ತಿರುವಿದ್ರ ಎಲ್ಲಾ ನೀರ ಹೊರಗ ಹೋಗತಾವೇನ್ರಿ, ಅಣ್ಣಾರ?” ಎಂದರು ವೈನಿ. “ಹೌದ್ರಿ, ಪೂರಾ ಖಾಲಿ!” ಎಂದೆ ಅಭಿಮಾನದಿಂದ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಉಂಡು ಬೇವಿನ ನೆರಳಿನಲ್ಲಿ ಕಣ್ಣು ಮುಚ್ಚಿದವನು ಎದ್ದಾಗ, ಸಿದ್ದಪ್ಪನವರು ಇನ್ನಿಬ್ಬರು ಹಿರಿಯರನ್ನು ಕರೆತಂದಿದ್ದರು. “ನಳಾ ಹಚ್ಚಿ ತೋರಸವಾ, ತಂಗಿ,” ಎಂದರು. ಸುವರ್ಣಾ ಸೆರಗು ಸರಿಮಾಡಿಕೊಂಡು ನಳ ತಿರುವಿದಳು. ಪಂಪು ಗುರ್ರೆಂದಿತು. ನಳ ಒಮ್ಮೆ ಕೆಮ್ಮಿತು, ಒಂದು ಹನಿ ಉಗುಳಿತು, ಫುಸ್ಸೆಂದಿತು. ಗೋಡೆಯ ನಾಲ್ಕು ದೀಪಗಳಲ್ಲಿ ಒಂದೂ ಉರಿಯುತ್ತಿರಲಿಲ್ಲ. ಹಿರಿಯರು ಗಾಳಿಯನ್ನು ಮೆಚ್ಚಬೇಕೋ ಬಿಡಬೇಕೋ ತಿಳಿಯದೆ ತಲೆಯಾಡಿಸಿದರು. ಸುವರ್ಣಾ ನನ್ನ ಕಡೆ ತಿರುಗಿ, ಗಿರಾಕಿ ಸಿಕ್ಕವರ ಹಾಗೆ ಗಾಡಿಯನ್ನೊಮ್ಮೆ ನೋಡಿದಳು.

ನಾನು ಹೊಸ ಅಂಗಿಯಲ್ಲೇ ಗಾಡಿಯ ಕೆಳಗೆ ತೆವಳಿದೆ. ಬೆನ್ನಿಗೆ ತಂಪು ಕೆಸರು ತಾಗಿತು. ತಲೆಯ ಬಳಿ ಎರಡು ಕಾಲುಗಳು ಬಂದು ನಿಂತವು. ಕಾಲುಂಗುರ ನೋಡಿ ಗಂಗಾವೈನಿ ಎಂದು ತಿಳಿಯಿತು.

“ಏನ ಹುಡಕತೀರಿ, ಅಣ್ಣಾರ? ಆ ನೀರ ನಾ ಚೆಲ್ಲೀನಿ.”

“ಚೆಲ್ಲೀರಿ?”

“ಮತ್ತ? ಸೋಮವಾರದ ನೀರಂತ ನೀವಽ ಹೇಳಿದ್ರಿ. ನಾವು ನಿನ್ನಿ ನೀರ ಇವತ್ತ ಕುಡಿಯಂಗಿಲ್ಲ. ದಿನಾ ಮುಂಜಾನೆ ಕೊಡಾ ತಿಕ್ಕಿ ಹೊಸಾ ನೀರ ತುಂಬತೀವಿ. ಮನಿ ಅಳಿಯಗ ತಂಗಳ ನೀರ ಕುಡಿಸಿ ಕಳಿಸಿದ್ರ ಮಂದಿ ನನ್ನ ಮಾರಿಗೆ ಏನಂದಾರು? ಬದನಿಗಿಡಕ್ಕ ಬಿಟ್ಟೀನಿ, ದಂಡ ಆಗಿಲ್ಲ ತಗೋರಿ. ತುಂಬೂನಂದ್ರ ಬಾವಿ ಮೋಟಾರಿಗೆ ಕರೆಂಟ ಬಂದಿಲ್ಲ.”

ಸೋಡಾ, ನಿಂಬೆ, ಧೋತರ, ಸೋಮವಾರ ಎಲ್ಲ ಬದನೆಗಿಡಕ್ಕೆ ಹೋಗಿತ್ತು. ನಾನು ಕೆಸರಿನಲ್ಲೇ ಮಲಗಿಕೊಂಡು ಹೆಂಡತಿಯ ತೀರ್ಪಿಗೆ ಕಾದೆ. ಆದರೆ ಸುವರ್ಣಾ ತನ್ನ ತವರನ್ನು ಬಿಟ್ಟುಕೊಡುವವಳಲ್ಲ. “ವೈನಿ ಮಾಡಿದ್ದ ಬರೋಬ್ಬರಿ ಅದ. ಇದನ್ನ ಲೆಕ್ಕಕ್ಕ ಹಿಡಿಯೂದು ಬ್ಯಾಡ. ಮನಿ ಮುಟ್ಟೂತನಕ ನೋಡೂನು,” ಎಂದಳು. ಗಾಡಿಗೆ ಜಾಮೀನು ಸಿಕ್ಕಿತು. ಕರೆಂಟ್ ಬರುವ ತನಕ ಕಾಯಲೊಪ್ಪದ ವೈನಿ ಅಕ್ಕಪಕ್ಕದ ಹೆಂಗಸರನ್ನು ಕರೆದು ಬಾವಿಯಿಂದ ಕೊಡಗಳನ್ನು ಹೊತ್ತು ತಂದು, ತಮ್ಮ ಹೊಸ ಸೀರೆಯ ಸೆರಗಿನಲ್ಲಿ ಸೋಸಿ, ನಾಲ್ಕು ದೀಪವೂ ಹೊತ್ತುವಂತೆ ತುಂಬಿಸಿದರು. ಮರುದಿನ ಹೊರಡುವಾಗ ಅದನ್ನೂ ಚೆಲ್ಲಿ ಮತ್ತೆ ಹೊಸದಾಗಿ ತುಂಬಿದರು. ನನ್ನನ್ನು ಕೇಳಲಿಲ್ಲ.

ಸೊಲ್ಲಾಪುರದ ತನಕ ಒಂದು ಹನಿಯೂ ಸೋರಲಿಲ್ಲ. ದಾರಿಯಲ್ಲಿ ಸುವರ್ಣಾ ಸುಮ್ಮಸುಮ್ಮನೆ ನಳ ತಿರುವಿ ಕೈ ತೊಳೆದುಕೊಂಡು ನಕ್ಕಳು ಕೂಡ. ನಮ್ಮ ಓಣಿಗೆ ಬಂದರೆ ರಸ್ತೆ ತೊಳೆದಿಟ್ಟ ಹಾಗಿತ್ತು. ಯಾರೋ ಪುಣ್ಯವಂತರು ಎಂದುಕೊಂಡು ಇಳಿದೆ. ಪಕ್ಕದ ಮನೆಯ ಶೇವಂತಾಬಾಯಿ ಓಡಿ ಬಂದರು. “ಅರೇ ದೇವಾ, ಈಗ ಬಂದ್ರೇನ್ರಿ? ನಿನ್ನಿ ನಳಾ ಬಂದು ಹೋತು. ನಿಮ್ಮ ಪೂರಾ ನೀರ ರಸ್ತಾಕ ಹರೀತು! ಬಂದ್ ಮಾಡೂನಂದ್ರ ಗೇಟಿಗೆ ಕೀಲಿ!” ಆ ಕೀಲಿಯನ್ನು ಹೊರಡುವಾಗ ನಾನು ಮೂರು ಸಲ ಜಗ್ಗಿ ನೋಡಿದ್ದೆ.

ಸುವರ್ಣಾ ಒಳಗೆ ಹೋಗಿ ಅಂಗಳದ ತೊಟ್ಟಿಯ ಮುಚ್ಚಳ ಎತ್ತಿದಳು. ತಳ ಕಾಣುತ್ತಿತ್ತು. ಅವಳು ಎರಡು ಕೊಡ ತಂದು ಗಾಡಿಯೊಳಗೆ ಹತ್ತಿ ನಳ ತಿರುವಿದಳು. ಪಂಪು ಗುರ್ರೆಂದಿತು, ವೈನಿಯ ಬಾವಿಯ ನೀರು ಧಾರೆಯಾಗಿ ಬಿತ್ತು.

“ಹಂಗಾದ್ರ ಗಾಡಿ ಮಾರೂದು...?” ಎಂದೆ ಮೆಲ್ಲಗೆ.

“ಗಾಡಿ ಇರಲಿ. ಮಾರೂದಾದ್ರ ಮೊದಲ ನಿಮ್ಮನ್ನ ಮಾರತೀನಿ. ಕೊಡಾ ಹಿಡೀರಿ.”

ಹಿಡಿದೆ. ಟಾಕಿ, ಪಂಪು, ಮುಚ್ಚಳ, ಬ್ಯಾಟರಿ ಎಲ್ಲ ನೆಟ್ಟಗೇ ಇದ್ದವು. ಸೋಮವಾರ ಗಾಡಿ ತುಂಬಿಸಲು ತೊಟ್ಟಿಯಿಂದ ಹೊರಗೆಳೆದ ನಳದ ಪೈಪನ್ನು ತಿರುಗಿ ತೊಟ್ಟಿಯೊಳಗೆ ಇಳಿಬಿಟ್ಟಿರಲಿಲ್ಲ, ಅಷ್ಟೇ.