ಯಂತ್ರಗಳಿಗೂ ಸೋಮವಾರ

ಆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ಇರುವಾಗ ನಾನು ಸಾಂಗ್ಲಿಯಲ್ಲಿ ನಮ್ಮ ಮಾವಶಿಯ, ಅಂದರೆ ಅವ್ವನ ತಂಗಿಯ, ಮನೆಯ ಅಡುಗೆಮನೆ ಹೊಸ್ತಿಲಿಗೆ ಎಡಗಾಲಿನ ಹೆಬ್ಬೆರಳು ತಾಗಿಸಿಕೊಂಡು ನಿಂತಿದ್ದೆ. ಬಲಕ್ಕೆ ಫ್ರಿಜ್ಜು, ಎದುರಿಗೆ ನಡುಮನೆಯ ಮೇಜು. ಗೋಡೆಯ ಗಡಿಯಾರ ಎರಡು ನಿಮಿಷ ಮುಂದಿತ್ತು. ಅದನ್ನು ಕಳೆದೇ ಹೇಳುತ್ತಿದ್ದೇನೆ. ಮೇಜಿನ ಮೇಲೆ ತೆರೆದಿಟ್ಟ ಲ್ಯಾಪ್‌ಟಾಪು, ಅದರ ಮುಂದೆ ಮಾವಶಿಯ ಸೊಸೆ ಸವಿತಾ. ಹತ್ತಕ್ಕೆ ಅವಳ ಪರೀಕ್ಷೆ. ಮನೆಯಲ್ಲೇ ಕುಳಿತು ಮಕ್ಕಳಿಗೆ ಲೆಕ್ಕ ಕಲಿಸುವ ಕೆಲಸ ಅವಳಿಗೆ ಸಿಗುತ್ತದೋ ಇಲ್ಲವೋ ಆ ಒಂದು ತಾಸಿನಲ್ಲಿ ತೀರ್ಮಾನವಾಗಬೇಕಿತ್ತು. ದಿನ ಬದಲಿಸಿಕೊಡಿ ಎಂದು ಎರಡು ಸಲ ಕೇಳಿದ್ದಳು. ಕೆಲಸ ಕೊಡುವವರು ಆಗುವುದಿಲ್ಲ ಎಂದಿದ್ದರು. ಮಾವಶಿ ಸ್ನಾನಕ್ಕೆ ಹೋಗಿದ್ದರು. ಅವರಿಗೆ ಇದೇನೂ ಗೊತ್ತಿರಲಿಲ್ಲ.

ಗೊತ್ತಾದರೆ ಏನಾಗುತ್ತಿತ್ತು ಅಂತೀರಾ? ಸಾಂಗ್ಲಿ, ಮಿರಜ್ ಎರಡೂ ಊರನ್ನು ಜರಡಿ ಹಿಡಿದರೂ ಮಿಕ್ಸರಿಗೆ ವಾರದ ಸೂಟಿ, ಅಂದರೆ ರಜೆ, ಕೊಡುವ ಇನ್ನೊಬ್ಬ ಹೆಣ್ಣುಮಗಳು ನಿಮಗೆ ಸಿಗಲಾರಳು!

ಮಾವಶಿಯ ತವರು ಖಂಡೇರಾಜುರಿ. ಅಲ್ಲಿ ಅವರಪ್ಪ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಬಸವಣ್ಣನ ವಾರ, ಎತ್ತಿಗೆ ವಿಶ್ರಾಂತಿ. ಮದುವೆಯಾಗಿ ಸಾಂಗ್ಲಿಯ ಅರಿಸಿನ ವ್ಯಾಪಾರಿಯ ಮನೆಗೆ ಬಂದರೆ ಇಲ್ಲಿ ಎತ್ತೇ ಇಲ್ಲ. ಹಾಗೆಂದು ಸೋಮವಾರವನ್ನು ಬಿಡಲಾದೀತೆ? ಮನೆಯಲ್ಲಿ ದುಡಿಯುವವು ಯಾವುವು ಎಂದು ಮಾವಶಿ ಕಣ್ಣಾಡಿಸಿದರು. ಮಿಕ್ಸರು, ವಾಷಿಂಗ್ ಮಶೀನು, ಗಂಡನ, ಅಂದರೆ ನಮ್ಮ ಕಾಕಾನ, ಸ್ಕೂಟರು, ಆಮೇಲಾಮೇಲೆ ಫೋನು. ಎಲ್ಲಕ್ಕೂ ಸೋಮವಾರ ಸೂಟಿ!

"ಮಾವಶಿ, ಫ್ರಿಜ್ಜು ಯಾಕ ನಡದೈತ್ರಿ ಮತ್ತ?" ಎಂದು ನಾನು ಒಮ್ಮೆ ಜಾಣತನ ತೋರಿಸಿದೆ.

"ಅದು ಎಮ್ಮಿ ಇದ್ದಂಗ ತಮ್ಮಾ. ನಿಂತಲ್ಲೇ ನಿಂತಿರ್ತೈತಿ, ಹಾಲ ಕಾಯ್ತೈತಿ. ಎಮ್ಮಿಗೆ ಎಲ್ಲಿ ಸೋಮವಾರ?"

"ಫ್ಯಾನು?"

"ಅದು ಗಾಳಿಗೆ ಅಡ್ಯಾಡಾಕ ಹೊಂಟೈತಿ. ದುಡ್ಯೂದು ಎಲ್ಲೈತಿ?"

ನಾನು ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಬರೆದುಕೊಂಡು ನಿವೃತ್ತನಾದವನು. ಇಷ್ಟು ಗಟ್ಟಿಯಾದ ವಾದವನ್ನು ವಕೀಲರ ಬಾಯಲ್ಲೂ ಕೇಳಿಲ್ಲ.

ನಗಬೇಡಿ. ಆ ಮಿಕ್ಸರಿಗೆ ಈಗ ಹತ್ತೊಂಬತ್ತು ವರ್ಷ. ಮಿರಜಿನ ರಿಪೇರಿಯವನು ಒಮ್ಮೆ ಅದನ್ನು ಬಿಚ್ಚಿ ನೋಡಿ, ಹಾಗೇ ಮುಚ್ಚಿ, ಕೈ ಮುಗಿದ. "ಮಾವಶಿ, ಎಲ್ಲಾರೂ ನಿಮ್ಮಂಗ ಆದ್ರ ನಾ ಅಂಗಡಿ ಮುಚ್ಚಿ ಭಜನಿಗೆ ಹೋಗಬೇಕ್ರಿ!"

ಬೆಂದೂರ ಹಬ್ಬ ಬಂದರಂತೂ ಕೇಳಬೇಡಿ. ಈ ಕಡೆ ಅದು ಎತ್ತುಗಳ ಹಬ್ಬ. ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಹೋಳಿಗೆ ತಿನ್ನಿಸುತ್ತಾರೆ. ಒಂದು ವರ್ಷ ಮಾವಶಿ ಸ್ಕೂಟರಿನ ಎರಡೂ ಹ್ಯಾಂಡಲಿಗೆ ಕೆಂಪು ಬಣ್ಣ ಬಳಿದು, ತುದಿಗೆ ಗೊಂಡೆ ಕಟ್ಟಿದರು. ಕಾಕಾ ಅದನ್ನೇ ಹತ್ತಿ ಅರಿಸಿನ ಪೇಟೆಗೆ ಹೋದರು. ಪಕ್ಕದ ಅಂಗಡಿಯವರು ಮರಾಠಿಯಲ್ಲಿ ಕೇಳಿದರಂತೆ, "ಶೇಠ್, ಎತ್ತು ಎಲ್ಲಿಂದ ತಂದಿರಿ?" ಕಾಕಾ ಸ್ಟ್ಯಾಂಡು ಹಾಕುತ್ತ ಹೇಳಿದರಂತೆ, "ಹೆಂಡತಿ ತವರಿಂದ ಬಂದದ್ದು. ಹುಷಾರು, ಹಾಯುತ್ತದೆ!" ಇದನ್ನು ನಾನು ನೋಡಿದ್ದಲ್ಲ, ಕೇಳಿದ್ದು.

ಸೋಮವಾರ ಫೋನುಗಳೆಲ್ಲ ಒಂದು ಬುಟ್ಟಿಯಲ್ಲಿ, ಮೇಲೊಂದು ಒದ್ದೆ ಮಾಡಿ ಹಿಂಡಿದ ಬಟ್ಟೆ. ಎತ್ತಿಗೆ ನೆರಳು ಬೇಡವೆ? ಬಟ್ಟೆ ಒಣಗಿದ್ದಾದರೂ ಇರಲಿ ಎಂದು ಗೋಗರೆದು ಒಪ್ಪಿಸುವುದರೊಳಗೆ ಎರಡು ಫೋನು ಶಿವನ ಪಾದ ಸೇರಿದ್ದವು. ಒಮ್ಮೆ ಕಾಕಾ ತಮ್ಮ ಫೋನನ್ನು ಮೆಲ್ಲಗೆ ಎತ್ತಿಕೊಂಡು ಬಚ್ಚಲಿಗೆ ಹೋದರು. ಅಲ್ಲಿ ಅದು ಗಂಟೆ ಬಾರಿಸಿತು! ಬಾಗಿಲ ಹೊರಗಿನಿಂದ ಮಾವಶಿಯ ದನಿ: "ಎತ್ತ ಹೊಡಕೊಂಡ ಹೊಂಟೀರೇನ್ರಿ? ಬಚ್ಚಲದಾಗೇನು ಬಿತ್ತೂದೈತಿ?"

ಯಂತ್ರಗಳು ಮಲಗಿದ ದಿನ ಅವುಗಳ ಕೆಲಸ ಯಾರದು? ಮಾವಶಿಯದು, ಸವಿತಾಳದು. ಒರಳಲ್ಲಿ ಚಟ್ನಿ, ಕಲ್ಲಿನ ಮೇಲೆ ಬಟ್ಟೆ. ಸವಿತಾ ಕಸಬೆ ಡಿಗ್ರಜದ ಹುಡುಗಿ, ಲೆಕ್ಕದಲ್ಲಿ ಪದವಿ, ಮದುವೆಗೆ ಮುಂಚೆ ಶಾಲೆಯಲ್ಲಿ ಕಲಿಸುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ಎರಡು ಕೆಲಸ ಕೈಗೆ ಬಂದು ಹೋದವು. ಒಂದು ಸಲ ಹಬ್ಬ, ಒಂದು ಸಲ ನಾದಿನಿಯ ಬಾಣಂತನ. ಈ ಮೂರನೆಯದಕ್ಕೆ ಅವಳು ಯಾರನ್ನೂ ಕೇಳಲಿಲ್ಲ. ಗಂಡ ಮಾಲಿನ ಲಾರಿಯ ಜೊತೆ ಪರವೂರಿಗೆ ಹೋಗಿದ್ದ. "ಭಾವಾ, ನೀವು ಬಂದು ಬರೇ ನಿಂದರ್ರಿ," ಎಂದಿದ್ದಳು. ನಿಂತಿದ್ದೆ.

ಹತ್ತಕ್ಕೆ ಮೂರು ನಿಮಿಷವಿದ್ದಾಗ ಮಾವಶಿ ವಿಭೂತಿ ಧರಿಸಿಕೊಂಡು ನಡುಮನೆಗೆ ಬಂದರು. ಲ್ಯಾಪ್‌ಟಾಪಿನ ಬೆಳಕನ್ನು ನೋಡಿದರು.

"ಇದು ಯಾಕ ಎದ್ದೈತಿ?"

ಸವಿತಾ ಕುರ್ಚಿಯಿಂದ ಎದ್ದಳು. "ಅತ್ತಿ, ಒಂದ ತಾಸರಿ. ನಾ ಲೆಕ್ಕ ಕಲಸ್ತೇನಿ, ಅವರು ನೋಡ್ತಾರ. ಚಲೋ ಆದ್ರ ಕೆಲಸ ಕೊಡ್ತಾರ."

"ಲೆಕ್ಕ ಕಲಿಸಿ ಎಷ್ಟ ವರ್ಷ ಆತು?"

"ನಾಕ ಆತ್ರಿ."

"ಈ ಮನಿಗೆ ಬಂದು?"

"ನಾಕರಿ."

ನಾನು ಮಾವಶಿಯ ಮುಖ ನೋಡುವ ಧೈರ್ಯವಾಗದೆ ಕಾಲು ನೋಡಿದೆ. ಬಲಗಾಲಿನ ಬೆರಳುಗಳು ನೆಲವನ್ನು ಒತ್ತಿ ಹಿಡಿದಿದ್ದವು. ಆಮೇಲೆ ಅವರು ನ್ಯಾಯ ಹೇಳುವವರ ಹಾಗೆ ಹೇಳಿದರು: "ಸೋಮವಾರ ಮನಿಯಾಗ ಯಾರರೆ ಒಬ್ರು ಕುಂದ್ರಬೇಕು. ಅದು ದುಡೀಲಿ. ಅದರ ಬದಲಿ ನಾ ಕುಂದರ್ತೇನಿ."

ಹಾಗೆಂದು ಕುಳಿತೇಬಿಟ್ಟರು! ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ. ನಾನು ಹುಟ್ಟಿದಾಗಿನಿಂದ ಮಾವಶಿಯನ್ನು ನೋಡಿದ್ದೇನೆ. ಕೈಯಲ್ಲಿ ಬೆಳ್ಳುಳ್ಳಿಯಾಗಲಿ ಬತ್ತಿಯಾಗಲಿ ಇಲ್ಲದೆ ಕುಳಿತದ್ದನ್ನು ಎಂದೂ ನೋಡಿಲ್ಲ. ಆ ಕೈಗಳಿಗೆ ಎಲ್ಲಿರಬೇಕೆಂದೇ ತಿಳಿಯಲಿಲ್ಲ. ಮೊದಲು ಮಡಿಲಲ್ಲಿದ್ದವು, ಆಮೇಲೆ ಮೊಣಕಾಲ ಮೇಲೆ, ಕೊನೆಗೆ ನೆಲದ ಮೇಲೆ ಅಂಗೈ ಮೇಲಾಗಿ. ಉಗುರಿನ ಸಂದಿಯಲ್ಲಿ ಅರಿಸಿನ.

ಸವಿತಾ ಮರಾಠಿಯಲ್ಲಿ ಪಾಠ ಶುರುಮಾಡಿದಳು. ಭಕ್ರಿಯನ್ನು, ಅದೇ ನಮ್ಮ ರೊಟ್ಟಿಯನ್ನು, ಅರ್ಧ ಮಾಡಿ, ಅರ್ಧವನ್ನು ಮತ್ತೆ ಅರ್ಧ ಮಾಡಿ ಭಿನ್ನರಾಶಿ ಹೇಳುತ್ತಿದ್ದಳು. ಎಂಥ ದನಿ! ಈ ಮನೆಯಲ್ಲಿ ಆ ದನಿಯನ್ನು ನಾನು ಕೇಳಿಯೇ ಇರಲಿಲ್ಲ. ಹತ್ತು ಗಂಟೆ ಹದಿನಾಲ್ಕು ನಿಮಿಷಕ್ಕೆ ಅವಳು ಗೋಡೆಯ ಕಡೆ ನೋಡಿದಳು. ಮಾವಶಿಯ ತಲೆ ಪಕ್ಕಕ್ಕೆ ವಾಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ನಿದ್ದೆ!

ಸವಿತಾ ದನಿ ಇಳಿಸಿದಳು.

ಲ್ಯಾಪ್‌ಟಾಪಿನೊಳಗಿಂದ ಪರೀಕ್ಷೆ ಮಾಡುವ ಹೆಂಗಸೊಬ್ಬರು, "ಮೇಡಂ, ಜೋರಾಗಿ ಮಾತಾಡಿ, ಕೇಳಿಸುತ್ತಿಲ್ಲ" ಎಂದರು. ನಾನು ಕೈಸನ್ನೆ ಮಾಡಿದೆ: ಜೋರು, ಜೋರು! ನಾಲ್ಕು ವರ್ಷ ಕಾದ ಹುಡುಗಿ ನನ್ನನ್ನು ನೋಡಿದಳು, ಮಾವಶಿಯನ್ನು ನೋಡಿದಳು, ಪರದೆಯ ಕಡೆ ಬಗ್ಗಿ ಮೆಲ್ಲಗೆ ಹೇಳಿದಳು: "ಕ್ಷಮಿಸಿ. ನಮ್ಮ ಅತ್ತೆ ಮಲಗಿದ್ದಾರೆ. ನಾನು ಇಷ್ಟೇ ದನಿಯಲ್ಲಿ ಹೇಳುತ್ತೇನೆ. ನೀವು ಹತ್ತಿರ ಬನ್ನಿ."

ಪರದೆಯಲ್ಲಿದ್ದ ಮೂರು ಮುಖಗಳೂ ಹತ್ತಿರ ಬಂದವು. ಉಳಿದ ಪಾಠವೆಲ್ಲ ಗುಟ್ಟು ಹೇಳಿದ ಹಾಗೆ ನಡೆಯಿತು. ಶುಕ್ರವಾರ ಕೆಲಸದ ಕಾಗದ ಬಂತು. ಆ ಮನೆಯವನು ಅನ್ನಿಸಿಕೊಳ್ಳಲು ನನಗೆ ಅಷ್ಟು ಹೆಮ್ಮೆ ಮತ್ತೆಂದೂ ಆಗಿಲ್ಲ.

ಇದನ್ನು ಕಣ್ಣಾರೆ ಕಂಡವರು ನಾಲ್ವರು. ಮಧ್ಯೆ ಚಹಾಕ್ಕೆಂದು ಪೇಟೆಯಿಂದ ಬಂದ ಕಾಕಾ ಬಾಗಿಲಲ್ಲೇ ನಿಂತು, ಚಪ್ಪಲಿ ಕೈಯಲ್ಲಿ ಹಿಡಿದು, ಹೊರಗಿನ ಮೆಟ್ಟಿಲ ಮೇಲೆ ಬಿಸಿಲಲ್ಲಿ ಕುಳಿತರು. "ಮದಿವ್ಯಾದಾಗಿಂದ ಹಗಲಿನಾಗ ಮಲಗಿದ್ದು ಇವತ್ತ ನೋಡಿದೆ," ಎಂದರು. ಯಾರಿಗೆ ಎಂದು ತಿಳಿಯಲಿಲ್ಲ. ಅವರು ಹೋದ ವರ್ಷ ತೀರಿಕೊಂಡರು. ಮಾವಶಿ ಇದ್ದಾರೆ, ಆದರೆ ಅವರನ್ನು ಸಾಕ್ಷಿಯೆಂದು ಎಣಿಸುವಂತಿಲ್ಲ. "ಬರೇ ಕಣ್ಣ ಮುಚ್ಚಿದ್ದೆ" ಎಂದು ವಾದಿಸುತ್ತಾರೆ. ಈಗ ಉಳಿದವರೆಂದರೆ ನಾನು, ಸವಿತಾ, ಮತ್ತೆ ಅಂದು ಬಟ್ಟಲು ವಾಪಸು ಕೊಡಲು ಬಂದು, ಕಿಟಕಿಯಿಂದ ಕಂಡು, ಬಳೆ ಸದ್ದಾಗದಂತೆ ಮುಂಗೈ ಹಿಡಿದುಕೊಂಡೇ ನಿಂತಿದ್ದ ಪಕ್ಕದ ಮನೆಯ ಪಾರ್ವತಿಬಾಯಿ.