ಹಿತ್ತಲ ಗೋಡೆಯೂ ನನ್ನ ಅಮೂರ್ತ ಕಲೆಯೂ

...ಅಥವಾ ಆ ಗೆರೆ ನೀಲಿಯಾಗಿರಲೇ ಇಲ್ಲವೋ ಏನೋ. ಕಂದು ಎಂದು ಅವ್ವ ಹೇಳುತ್ತಾಳೆ. ಚಿತ್ರ ಬರೆದವಳು ನಾನೇ. ಆದರೂ ಅವಳ ಮಾತನ್ನು ತಳ್ಳಿಹಾಕುವಂತಿಲ್ಲ. ಅಂದು ಸಂಜೆಯೊಳಗೆ ಆ ಕ್ಯಾನ್ವಾಸಿನ ಮೇಲೆ ಎಷ್ಟು ಬಣ್ಣ ಬಿತ್ತೆಂದರೆ, ಮೊದಲು ಏನಿತ್ತೆಂದು ಹೇಳುವ ಸ್ಥಿತಿಯೇ ಉಳಿಯಲಿಲ್ಲ. ನೀಲಿ ಎಂದೇ ಇಟ್ಟುಕೊಳ್ಳೋಣ.

ಪ್ರದರ್ಶನಕ್ಕೆಂದು ಕೊಲ್ಹಾಪುರದಿಂದ ಟೆಂಪೋದಲ್ಲಿ ಹೊಸ ಚಿತ್ರಗಳನ್ನು ಹೇರಿಕೊಂಡು ಹುಟ್ಟೂರು ಗಡಹಿಂಗ್ಲಜಕ್ಕೆ ಬಂದಾಗ ನನಗಿದ್ದ ಧೈರ್ಯ ಅಪಾರ. ನಮ್ಮೂರಿಗೆ ಅಮೂರ್ತ ಕಲೆಯನ್ನು ಪರಿಚಯಿಸುವ ಚಾರಿತ್ರಿಕ ಹೊಣೆ ನನ್ನದು! ಅವ್ವನಿಗೆ ಚರಿತ್ರೆ ಬೇಕಿರಲಿಲ್ಲ. ಊರಲ್ಲೇ ಇರುವ ದೊಡ್ಡಪ್ಪನಿಗೂ ಇಚಲಕರಂಜಿಯಲ್ಲಿ ಮಗ್ಗ ನಡೆಸುವ ಕಾಕಾನಿಗೂ ವರ್ಷಗಳಿಂದ ಮಾತಿಲ್ಲ. ಮಳೆಗೆ ಬಿದ್ದ ಹಿತ್ತಲ ಗೋಡೆ ಎಲ್ಲಿತ್ತು, ಬೇವಿನ ಗಿಡ ಯಾರ ಪಾಲಿಗೆ, ಇದೇ ಜಗಳ. ನಿನ್ನ ನೆಪದಲ್ಲಾದರೂ ಇಬ್ಬರೂ ಒಂದು ಕಡೆ ನಿಂತು ಚಹಾ ಕುಡಿಯಲಿ ಎಂದಿದ್ದಳು. ಅಷ್ಟೇ ತಾನೆ, ಎಂದಿದ್ದೆ.

ಪ್ರದರ್ಶನದ ದಿನ ಸಭಾಂಗಣಕ್ಕೆ ದೊಡ್ಡಪ್ಪ ಮೊದಲು ಬಂದ. ‘ಹಿತ್ತಲು’ ಎಂಬ ದೊಡ್ಡ ಚಿತ್ರದ ಮುಂದೆ ನಿಂತ. ಒಂದು ನೀಲಿ ಗೆರೆ, ಅದರ ಬಲಕ್ಕೊಂದು ಹಸಿರು ಮುದ್ದೆ.

“ಗ್ವಾಡಿ ಬರೋಬರ್ ಜಾಗಾದಾಗ ಹಾಕೀದಿ ನೋಡು, ಮಗಳ. ಗಿಡಾ ನನ್ನ ಕಡೆ.”

ಅದು ಗೋಡೆಯಲ್ಲ, ಖಾಲಿ ಜಾಗದಲ್ಲಿ ಹುಟ್ಟುವ ಟೆನ್ಷನ್ ಎಂದು ವಿವರಿಸಿದೆ.

“ಹೌದವಾ, ಆ ಗ್ವಾಡಿಂದ ಭಾಳ ಟೆನ್ಷನ್ ಆಗೇತಿ,” ಎಂದು ಸಂತೋಷದಿಂದ ಎಲೆ ಅಡಿಕೆ ತರಲು ಹೊರಗೆ ಹೋದ.

ಅಷ್ಟರಲ್ಲಿ ಕಾಕಾನ ಕಾರು ಬಂತು. ಗಿಡ ಅಣ್ಣನ ಕಡೆ ಇರುವುದನ್ನು ಕಂಡರೆ ಚಹಾ ಕುಡಿಯದೆ ತಿರುಗಿ ಹೋಗುತ್ತಾನೆ. ಆದರೆ ಅಮೂರ್ತ ಕಲೆಗೆ ಒಂದು ಅನುಕೂಲವಿದೆ. ಚಿತ್ರವನ್ನು ತಲೆಕೆಳಗು ಮಾಡಿದೆ. ಹಸಿರು ಮುದ್ದೆ ಗೆರೆಯ ಎಡಕ್ಕೆ, ಅಂದರೆ ಕಾಕಾನ ಪಾಲಿಗೆ ಹೋಯಿತು. ಆಸ್ತಿ ಹಸ್ತಾಂತರ ಇಷ್ಟು ಸುಲಭವೆಂದು ಯಾವ ವಕೀಲರೂ ಹೇಳಿರಲಿಲ್ಲ!

ಕಾಕಾ ನೋಡಿದ, ಹಿಗ್ಗಿದ, ಕನ್ನಡ ಸಾಲದೆ ಮರಾಠಿಯಲ್ಲೂ ಹೊಗಳಿದ. ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿರುವಾಗ ದೊಡ್ಡಪ್ಪ ಎಲೆ ಜಗಿಯುತ್ತ ಬಂದು ಬೆನ್ನ ಹಿಂದೆ ನಿಂತ. ಗಿಡ ಗೋಡೆ ದಾಟಿ ಹೋಗಿತ್ತು. ಜಗಿಯುವುದು ನಿಂತಿತು.

ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ನೋಡಲಿಲ್ಲ; ಇಬ್ಬರೂ ನನ್ನನ್ನು ನೋಡಿದರು. ಅವ್ವ ಚಹಾದ ತಾಟು ಹಿಡಿದು ಬಾಗಿಲಲ್ಲೇ ನಿಂತಳು. ಜನರ ಮುಂದೆ ಬರೆದು ತೋರಿಸಲೆಂದು ತಂದಿದ್ದ ಬ್ರಷ್ ಎತ್ತಿಕೊಂಡು ಗಿಡದ ಇನ್ನೊಂದು ಬದಿಗೂ ಗೆರೆ ಎಳೆದೆ. ಈಗ ಗಿಡ ಯಾರದ್ದೂ ಅಲ್ಲ. ಪರಮ ನ್ಯಾಯ!

“ಎರಡ ಗ್ವಾಡಿ ಎಲ್ಲಿದ್ದೂ?” ಎಂದ ದೊಡ್ಡಪ್ಪ.

“ಅಲ್ಲಿ ನೀರಿನ ಟಾಕಿ ಇತ್ತು,” ಎಂದು ಕಾಕಾ ನನಗೆ ಹೇಳಿದ. ಆಮೇಲೆ, ಕಣ್ಣು ಚಿತ್ರದ ಮೇಲೇ ಇಟ್ಟು, “ಹೌದಿಲ್ಲ, ಅಣ್ಣಾ?”

“ಟಾಕಿ ಈ ಕಡೆ ಇತ್ತಪಾ. ಅದರ ಮ್ಯಾಲಿಂದ ಬಿದ್ದ ಹಲ್ಲ ಮುರಕೊಂಡಿದ್ದಿ.”

ಮುಂದಿನದು ಕಲೆಯ ಇತಿಹಾಸಕ್ಕೆ ಸೇರುವಂಥದ್ದಲ್ಲ. ಒಬ್ಬ ಟಾಕಿ ಎಂದ, ಬರೆದೆ. ಇನ್ನೊಬ್ಬ ಎಮ್ಮೆಯ ಗೂಟ ಎಂದ, ಬರೆದೆ. ಉತ್ಸಾಹದಲ್ಲಿ ಎಮ್ಮೆಯನ್ನೂ ಬರೆದೆ. ಕೋಡು ಹಾಗಿರಲಿಲ್ಲವೆಂದು ಇಬ್ಬರೂ ಒಮ್ಮತದಿಂದ ಖಂಡಿಸಿದರು. ಚಹಾ ಎರಡು ಸಲ ಆಯಿತು. ಗೋಡೆ ಮಾತ್ರ ಬಗೆಹರಿಯಲಿಲ್ಲ. ಕಡೆಗೆ ಹಿತ್ತಲನ್ನೇ ನೋಡೋಣವೆಂದು ಒಂದೇ ಕಾರಿನಲ್ಲಿ, ಜಗಳಾಡುತ್ತಲೇ ಹೊರಟರು. ಅವ್ವನೂ ಹತ್ತಿಕೊಂಡಳು. ನನ್ನನ್ನು ಯಾರೂ ಕರೆಯಲಿಲ್ಲ.

ಅಲ್ಲಿ ಏನು ತೀರ್ಮಾನವಾಯಿತೋ ನನಗೆ ಗೊತ್ತಿಲ್ಲ. ಗೋಡೆ ಇನ್ನೂ ಎದ್ದಿಲ್ಲ. ಕೇಳಿದರೆ ಇಬ್ಬರದೂ ಒಂದೇ ಉತ್ತರ: “ನಿನಗ ಹಿತ್ತಲಾನ ನೆಪ್ಪಿಲ್ಲ, ಬಿಡು.” ನನ್ನ ಉಳಿದ ಚಿತ್ರಗಳನ್ನು ಯಾರಾದರೂ ನೋಡಿದರೋ ಇಲ್ಲವೋ, ಅದೂ ಗೊತ್ತಿಲ್ಲ.